ಕೌದಿಯ ಹೊಟ್ಟೆ

ಹೆಸರುಕಾಳು ಬಿಡಿಸುವ ಕಾಲದಲ್ಲಿ ನಮ್ಮತ್ತೆ ಕಳಕವ್ವನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು, ಮಾತೂ ಹೋಯಿತು. ಬಾಯಲ್ಲಿ ಉಳಿದದ್ದು ಒಂದೇ ಒಂದು, ‘ಹೂಂ’. ಹುಟ್ಟಿದಾಗಿನಿಂದ ಯಾರಿಗೂ ಸುಲಭಕ್ಕೆ ಹೂಂ ಅನ್ನದಿದ್ದ ಹೆಂಗಸಿನ ಬಾಯಲ್ಲಿ ದೇವರು ಅದನ್ನೇ ಹುಡುಕಿ ಉಳಿಸಿದ್ದ ನೋಡಿ. ಅವನಿಗೂ ಚೇಷ್ಟೆ ಕಡಿಮೆಯಿಲ್ಲ.

ಮೊದಲಿನ ನಮ್ಮತ್ತೆಯನ್ನು ನೀವು ನೋಡಬೇಕಿತ್ತು. ಅಬ್ಬಿಗೇರಿಯ ತವರು ಬಿಟ್ಟು ಸೂಡಿಯ ಈ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ನಾನು ಒಲೆ ಮುಂದಿನಿಂದ ಆಸೆಯಿಂದ ಕೇಳುತ್ತಿದ್ದೆ, “ಅತ್ತಿ, ಪಲ್ಯಾ ಚಲೋ ಆಗೈತಿ ಹೌದಲ್ರಿ?” ಅವರು ತುತ್ತು ನುಂಗಿ, ನಾಲಿಗೆಯನ್ನು ಅಂಗುಳಿಗೆ ಹಚ್ಚಿ ‘ಚ್ಚ್’ ಅನ್ನುತ್ತಿದ್ದರು. ಅಷ್ಟೇ. ಆ ‘ಚ್ಚ್’ ಬಿತ್ತೆಂದರೆ ಮುಂದೆ ಮಾತಿಲ್ಲ. ಗಜೇಂದ್ರಗಡದ ಬಸ್ಸಿನ ಕಂಡಕ್ಟರನೂ ಅವರ ಜೊತೆ ವಾದಕ್ಕೆ ಇಳಿಯುತ್ತಿರಲಿಲ್ಲ. ಲಕ್ವಾ ಆದ ಮೇಲೆ ಆ ‘ಚ್ಚ್’ ಹೊರಡಿಸಲು ನಾಲಿಗೆ ಏಳದಾಯಿತು.

ಗಜೇಂದ್ರಗಡದ ದವಾಖಾನೆಯ ಡಾಕ್ಟರಮ್ಮ, ಸಣ್ಣ ವಯಸ್ಸಿನವಳು, ನನ್ನನ್ನೂ ನನ್ನ ಗಂಡ ಸಿದ್ದಲಿಂಗನನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದಳು. “ನೀವು ಹೇಳೋದೆಲ್ಲ ಅವರಿಗೆ ತಿಳಿತೈತಿ. ಆದ್ರ ಹೌದು ಅನ್ನಾಕೂ ಅದ ಶಬ್ದ, ಅಲ್ಲ ಅನ್ನಾಕೂ ಅದ ಶಬ್ದ ಬರತೈತಿ. ತಲಿ ಅಲ್ಲಾಡಿಸೋದೂ ಅದಲು ಬದಲು ಆಗತೈತಿ. ಅದಕ್ಕ, ಹಿಂಗ ಹೌದಲ್ಲ, ಹಂಗ ಹೌದಲ್ಲ ಅಂತ ಉತ್ತರಾ ನೀವ ಬಾಯಾಗ ತುರುಕಿ ಕೇಳಬ್ಯಾಡ್ರಿ. ಎರಡು ಸಾಮಾನು ಮುಂದ ಹಿಡೀರಿ, ಯಾವದು ಬೇಕು ಅಂತ ಕೇಳ್ರಿ. ಎಡಗೈಲೆ ಮುಟ್ಟಿ ತೋರಸ್ತಾರ.”

ನನ್ನ ಗಂಡನಿಗೆ ಅದೇ ಹೊತ್ತಿಗೆ ಯಾರದೋ ಫೋನು ಬಂತು. ಅವನದು ಗಜೇಂದ್ರಗಡದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ, ಫೋನು ಕಿವಿಯಿಂದ ಕೆಳಗಿಳಿಯುವುದಿಲ್ಲ. ಡಾಕ್ಟರಮ್ಮನ ಮಾತನ್ನು ಪೂರ್ತಿ ಕೇಳಿಸಿಕೊಂಡವಳು ನಾನೊಬ್ಬಳೇ.

ಮನೆಗೆ ಬಂದ ಕೂಡಲೇ ಪರೀಕ್ಷೆ ಮಾಡಿದೆ. ಪಡಸಾಲೆಯಲ್ಲಿ ಬಾಗಿಲಿಗೆ ಎದುರಾಗಿ ಮಂಚ ಹಾಕಿ ಅತ್ತೆಯನ್ನು ದಿಂಬಿಗೆ ಆನಿಸಿ ಕೂರಿಸಿ ಕೇಳಿದೆ, “ಅತ್ತಿ, ನಿಮ್ಮ ಹೆಸರು ಶಬನಮ ಹೌದಲ್ರಿ?”

“ಹೂಂ.”

“ನಾವೀಗ ರೋಣದ ಬಸ್‌ಸ್ಟ್ಯಾಂಡಿನ್ಯಾಗ ಕುಂತೀವಿ ಹೌದಲ್ರಿ?”

“ಹೂಂ,” ಎಂದವರೇ ನನ್ನನ್ನು ದುರುಗುಟ್ಟಿ ನೋಡಿದರು. ನಾಲಿಗೆಯಿಂದ ಹೋದ ‘ಚ್ಚ್’ ಕಣ್ಣಲ್ಲಿ ಹಾಗೇ ಕೂತಿತ್ತು. ನನಗೆ ನಗು ತಡೆಯಲಾಗಲಿಲ್ಲ. ಅವರೂ ಅರ್ಧ ಬಾಯಲ್ಲಿ ನಕ್ಕರು. ಆವತ್ತಿನಿಂದ ದಿನಾ ಮುಂಜಾನೆ ಒಂದು ಕೈಯಲ್ಲಿ ಚಹಾ, ಇನ್ನೊಂದು ಕೈಯಲ್ಲಿ ಅಂಬಲಿ ಹಿಡಿದು ನಿಲ್ಲುತ್ತಿದ್ದೆ. ಅವರು ಎಡಗೈ ಚಾಚಿ ಬೇಕಾದ್ದನ್ನು ಮುಟ್ಟುತ್ತಿದ್ದರು. ಒಮ್ಮೆಯೂ ತಪ್ಪಲಿಲ್ಲ.

ಆದರೆ ಮಕ್ಕಳಿಗೆ ಇದನ್ನು ತಿಳಿಸುವವರು ಯಾರು? ನನ್ನ ನಾದಿನಿ ಅನ್ನಪೂರ್ಣೇಶ್ವರಿಯನ್ನು ನರಗುಂದಕ್ಕೆ ಕೊಟ್ಟಿದೆ. ಸುದ್ದಿ ಕೇಳಿ ಓಡಿ ಬಂದಳು. ಕಣ್ಣು ಮೂಗು ಒರೆಸಿಕೊಂಡು, ಫೋನನ್ನು ಅವ್ವನ ಮುಖಕ್ಕೆ ಹಿಡಿದು ವಿಡಿಯೋ ಮಾಡುತ್ತ ಕೇಳಿದಳು, “ಅವ್ವಾ, ನನ್ನ ಕೂಡ ನರಗುಂದಕ್ಕ ಬರ್ತೀಯಲ್ಲ? ಅಲ್ಲೆ ಕೈಕಾಲು ತಿಕ್ಕಾಕ ದಿನಾ ನರ್ಸ್ ಬರತಾಳ. ಮಗಳ ಮನಿಯಾಗ ಇರಬೇಕು ಅಂತ ನಿನಗೂ ಆಸೆ ಐತಿ, ಹೌದಲ್ಲವಾ?”

“ಹೂಂ.”

ಆ ವಿಡಿಯೋ ಬೀಗರು ಬಿಜ್ಜರೆಲ್ಲ ಇರುವ ವಾಟ್ಸಾಪ್ ಗ್ರೂಪಿಗೆ ಹೋಯಿತು. ಅಂಗಡಿಯಲ್ಲಿ ಕೂತು ಅದನ್ನು ನೋಡಿದ ನನ್ನ ಗಂಡ ಮೋಟರಿನ ಗ್ರೀಸ್ ಕೈಯಲ್ಲೇ ಮನೆಗೆ ಬಂದ. “ಅವ್ವಾ, ಮಗಾ ಜೀವಂತ ಇದ್ದಾಗ ನೀ ಮಗಳ ಮನಿಗೆ ಯಾಕ ಹೋಗ್ತಿ? ಸೂಡಿ ಬಿಟ್ಟು ನಿನಗ ಎಲ್ಲೂ ಸೇರಂಗಿಲ್ಲ, ಹೌದಿಲ್ಲೋ?”

“ಹೂಂ.”

ಅದೂ ಗ್ರೂಪಿಗೆ ಹೋಯಿತು. ಒಂದಕ್ಕೆ ಹತ್ತು ಮಂದಿ ಹೆಬ್ಬೆಟ್ಟು ಎತ್ತಿದರು, ಇನ್ನೊಂದಕ್ಕೂ ಅದೇ ಮಂದಿ ಅದೇ ಹೆಬ್ಬೆಟ್ಟು ಎತ್ತಿದರು. ಅಣ್ಣ ತಂಗಿ ಪಡಸಾಲೆಯಲ್ಲಿ ನಿಂತು, ‘ನನಗ ಹೂಂ ಅಂದಾಳ’, ‘ನನಗ ಮೊದಲ ಅಂದಾಳ’ ಎಂದು ಕಿತ್ತಾಡುವುದು ಕೇಳಿ ಕೇಳಿ ನನ್ನ ಪಿತ್ತ ನೆತ್ತಿಗೇರಿತು. ಅವರಿಬ್ಬರ ನಡುವೆ ಹೋಗಿ ನಿಂತು ಅತ್ತೆಯನ್ನು ಕೇಳಿದೆ, “ಅತ್ತಿ, ನಿಮ್ಮ ಮಕ್ಕಳಿಬ್ರೂ ಭಾಳ ಶ್ಯಾಣ್ಯಾರು ಹೌದಲ್ರಿ?”

“ಹೂಂ.”

“ಇಬ್ರಿಗೂ ಬುದ್ಧಿ ನೆಟ್ಟಗಿಲ್ಲ, ಹೌದಲ್ರಿ?”

“ಹೂಂ.”

“ಹಾಕ್ರಿ ಇದನ್ನೂ ಗ್ರೂಪಿಗೆ,” ಅಂದೆ.

ಅನ್ನಪೂರ್ಣೇಶ್ವರಿಯ ಮುಖ ಕೆಂಪಾಯಿತು. ಆದರೂ ಒಳ್ಳೆಯ ಹುಡುಗಿ, ಮರುದಿನ ನಾನು ಹೇಳಿದಂತೆ ಅವ್ವನ ಮುಂದೆ ತನ್ನ ಫೋನಿನಲ್ಲಿ ನರಗುಂದದ ಮನೆಯ ಫೋಟೋ ಹಿಡಿದಳು, ನಾನು ಸೂಡಿಯ ಮನೆಯ ಫೋಟೋ ಹಿಡಿದೆ. ಎಲ್ಲಿ ಇರುತ್ತೀರಿ ಎಂದು ಕೇಳಿದೆವು. ಅತ್ತೆ ಈ ಮನೆಯ ಫೋಟೋ ಮೇಲೆ ಕೈ ಊರಿ, ತೆಗೆಯಲೇ ಇಲ್ಲ. ನಾದಿನಿ ಅತ್ತಳು, ಅತ್ತು ಮುಗಿಸಿ ಬಸ್ಸು ಹತ್ತಿದಳು. ಗಂಡ ನನ್ನ ಕಡೆ ನೋಡಿ, “ಖರೇನ ನಿನಗ ತಲಿ ಐತಿ ಕಸ್ತೂರಿ,” ಅಂದ. ಉಬ್ಬಿಹೋದೆ. ಈ ಮನೆಯಲ್ಲಿ ಅತ್ತೆಯ ಮನಸ್ಸು ತಿಳಿಯುವವಳು ನಾನೊಬ್ಬಳೇ ಎಂಬ ಹಮ್ಮು ನನಗೆ ಆವತ್ತು ಬಂತು.

ಇನ್ನು ಜಮಾಲಬಿಯ ವಿಷಯ ಹೇಳಬೇಕು.

ನಮ್ಮತ್ತೆ ಕೌದಿ ಹೊಲಿಯುವವರು. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಕೂಡಿಸಿ, ಅಂಚಿನಿಂದ ಸುತ್ತುತ್ತ ಸುತ್ತುತ್ತ ನಡುವಿನವರೆಗೆ ಸಾಲುಹೊಲಿಗೆ ಹಾಕುವುದು. ನಡುವೆ ಅಂಗೈ ಅಗಲ ಜಾಗ ಹೊಲಿಯದೆ ಬಿಡುತ್ತಾರೆ. ಅದು ಕೌದಿಯ ಹೊಟ್ಟೆ. ಕೊನೆಯ ದಿನ ಹೋಳಿಗೆ ಮಾಡಿ, ಅದರದೊಂದು ಚೂರನ್ನು ಆ ಹೊಟ್ಟೆಯೊಳಗೆ ಇಟ್ಟು ಮುಚ್ಚಿ ಹೊಲಿಯುವುದು ನಮ್ಮ ಕಡೆಯ ಪದ್ಧತಿ. ಹೊದ್ದುಕೊಂಡವರು ಹಸಿದು ಮಲಗಬಾರದು ಅಂತ.

ಅತ್ತೆಯ ಜೊತೆ ಕೌದಿಗೆ ಕೂರುತ್ತಿದ್ದವಳು ಹಿಂದಿನ ಓಣಿಯ ಜಮಾಲಬಿ. ಇಬ್ಬರೂ ಈ ಊರಿಗೆ ಸೊಸೆಯಾಗಿ ಬಂದಾಗಿನಿಂದ ಜೋಡಿ. ಬಿಸಿಲು ಏರಿದರೆ ನಮ್ಮ ಮನೆಯ ಕಟ್ಟೆಯ ಮೇಲೆ ಕೌದಿ ಹರವಿ ಎದುರುಬದುರು ಕೂತು, ಅದೇನು ನಗು, ಅದೇನು ಬೈಗುಳ! ‘ಏ ಕಳಕಿ’, ‘ಏ ಜಮಾಲಿ’ ಎಂದು ಇಬ್ಬರೂ ಹುಡುಗಿಯರಾಗುತ್ತಿದ್ದರು. ನಾನು ಒಳಗೆ ರೊಟ್ಟಿ ಬಡಿಯುತ್ತ ಆ ನಗು ಕೇಳುತ್ತಿದ್ದೆ. “ಅತ್ತಿ, ನಾನೂ ಒಂದು ಸಾಲು ಹಾಕ್ಲೇನ್ರಿ?” ಎಂದು ಕೇಳಿದರೆ, “ಚ್ಚ್. ನಿನ್ನ ಕೈಗೆ ಸೂಜಿ ಒಲ್ಯಂಗಿಲ್ಲ. ನೀ ಹೋಳಿಗಿ ಮಾಡು ಹೋಗು,” ಅನ್ನುತ್ತಿದ್ದರು. ಇಪ್ಪತ್ತು ವರ್ಷ ನಾನು ಈ ಮನೆಯ ಕೌದಿಗಳಿಗೆ ಹೋಳಿಗೆ ಮಾಡಿದೆನೇ ಹೊರತು ಒಂದು ದಾರ ಎಳೆಯಲಿಲ್ಲ. ಹೊಟ್ಟೆಕಿಚ್ಚು ಇತ್ತು. ಇತ್ತು ಅಂದರೆ ಇತ್ತು, ಅದರಲ್ಲಿ ಮುಚ್ಚಿಡುವುದೇನು.

ಈ ವರ್ಷ ಯುಗಾದಿ ಕಳೆದ ಮೇಲೆ ಇಬ್ಬರೂ ಒಂದು ಸಣ್ಣ ಕೌದಿ ಹಚ್ಚಿದ್ದರು. ಜಮಾಲಬಿಯ ಮೊಮ್ಮಗಳು ಜಬೀನ ಬಸುರಿ, ಹುಟ್ಟುವ ಕೂಸಿಗೆ ಅಂತ. ಜಮಾಲಬಿಯ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಅವಳ ಹೊಲಿಗೆ ಅಡ್ಡಾದಿಡ್ಡಿ ಹೋಗುತ್ತಿತ್ತು. ಅವಳು ಮನೆಗೆ ಹೋದ ಮೇಲೆ ಅತ್ತೆ ಆ ಸಾಲುಗಳನ್ನು ಸದ್ದಿಲ್ಲದೆ ಬಿಚ್ಚಿ ಮತ್ತೆ ನೆಟ್ಟಗೆ ಹೊಲಿದು ಇಡುತ್ತಿದ್ದರು. ಕಣ್ಣಿಗೆ ಪೊರೆ ಬಂದರೇನು, ಬೆರಳಿಗೆ ಬರುತ್ತದೆಯೇ? ಒಂದು ದಿನ ಜಮಾಲಬಿ ಸಾಲಿನ ಮೇಲೆ ಬೆರಳಾಡಿಸಿ ನಿಲ್ಲಿಸಿದಳು.

“ಕಳಕಿ, ಇದು ನನ್ನ ಹೊಲಿಗಿ ಅಲ್ಲ. ನೀ ಬಿಚ್ಚೀಯೇನು?”

ಬೇರೆ ಯಾರಾದರೂ ಆಗಿದ್ದರೆ ಇಲ್ಲ ಅನ್ನುತ್ತಿದ್ದರು. ನಮ್ಮತ್ತೆ, “ಹೌದು, ಬಿಚ್ಚೀನಿ. ಸೊಟ್ಟ ಇತ್ತು,” ಅಂದರು.

ಜಮಾಲಬಿ ಸೂಜಿಯನ್ನು ಕೌದಿಗೆ ಚುಚ್ಚಿ ಎದ್ದು ನಿಂತಳು. “ಇಷ್ಟ ವರ್ಷ ಕೂಡಿ ಹೊಲದೀವಿ, ಬಾಯಿಲೆ ಹೇಳಾಕ ಬರಲಿಲ್ಲೇನು ನಿನಗ? ಕಳ್ಳರ ಹಂಗ ಬಿಚ್ಚತಿ? ಇನ್ನ ನೀನಾಗಿ ಕರದ್ರ ಬರತೀನಿ. ಕರೀದ ಈ ಕಟ್ಟಿ ಹತ್ತಂಗಿಲ್ಲ,” ಅಂದು ಹೋದಳು. ಹೋದವಳು ಜಬೀನಳ ಆರೈಕೆ, ಕಣ್ಣಿನ ಆಪರೇಶನ್ನು ಎಂದು ಗಜೇಂದ್ರಗಡಕ್ಕೇ ಹೋಗಿಬಿಟ್ಟಳು.

ಅತ್ತೆ ಕರೆಯಲೂ ಇಲ್ಲ. ಒಬ್ಬರೇ ಕೂತು ಕೌದಿಯನ್ನು ನಡುವಿನವರೆಗೆ ಹೊಲಿದರು. ಹೊಟ್ಟೆಯ ಜಾಗಕ್ಕೆ ಬಂದು ನಿಲ್ಲಿಸಿ ಗಂಟು ಕಟ್ಟಿ ಅಟ್ಟದ ಮೇಲೆ ಇಟ್ಟರು. “ಇಷ್ಟು ಮಾಡೀರಿ, ಮುಗಸಿಬಿಡ್ರಲ್ಲ,” ಎಂದು ನಾನು ಅಂದಾಗ ‘ಚ್ಚ್’ ಅಂದರು. ನಾನು ಅಷ್ಟಕ್ಕೇ ಬಿಟ್ಟೆ.

ಲಕ್ವಾ ಆಗಿ ಕೆಲವು ವಾರ ಕಳೆದ ಮೇಲೆ ಅತ್ತೆ ಹೊಸದೊಂದು ಹಟ ಶುರುಮಾಡಿದರು. ಮಧ್ಯಾಹ್ನವಾದರೆ ಎಡಗೈ ಎತ್ತಿ ಅಟ್ಟದ ಕಡೆ ತೋರಿಸಿ “ಹೂಂ, ಹೂಂ” ಅನ್ನುವುದು. ಆಮೇಲೆ ಬಾಗಿಲ ಕಡೆ ನೋಡುವುದು. ಏನೋ ಬೇಕಿದೆ, ಹೇಳಲು ಬರುತ್ತಿಲ್ಲ. ಗಂಡ ಅಟ್ಟದ ಮೇಲಿನ ಪೆಟ್ಟಿಗೆ ಇಳಿಸಿದ, ಅದಲ್ಲ. ಹಿತ್ತಾಳೆ ಕೊಡ ಇಳಿಸಿದ, ಅದೂ ಅಲ್ಲ. ಕೊನೆಗೆ ನಾನು ಏಣಿ ಹತ್ತಿ ಆ ಕೌದಿಯ ಗಂಟು ತಂದಾಗ ಅತ್ತೆ ಎಡಗೈಯಿಂದ ಅದನ್ನು ಎಳೆದು ತೊಡೆಯ ಮೇಲೆ ಇಟ್ಟುಕೊಂಡರು. ಹೊಟ್ಟೆಯ ಬಾಯಲ್ಲಿ ಬೆರಳು ಇಟ್ಟು, ನನ್ನ ಮುಖ ನೋಡಿ, ಬಾಗಿಲ ಕಡೆ ನೋಡಿ, “ಹೂಂ” ಅಂದರು.

ಅದೇ ವಾರ ಜಬೀನಳ ಗಂಡ ಅಕೀಬ ನನ್ನ ಗಂಡನ ಅಂಗಡಿಗೆ ಬಂದಿದ್ದನಂತೆ. ಊಟಕ್ಕೆ ಕೂತಾಗ ಗಂಡ ಹೇಳಿದ, “ಅವ್ವಗ ಲಕ್ವಾ ಹೊಡದದ್ದು ತಿಳದು ಜಮಾಲಬಿ ಕೇಳಿ ಕಳಿಸ್ಯಾಳ. ಕಳಕಿ ಬಾ ಅಂದ್ರ ಈಗಿಂದೀಗ ಬರತೀನಿ ಅಂತ. ಅವ್ವನ್ನ ಕೇಳು. ನಿನಗಾದ್ರ ಕೇಳೋ ರೀತಿ ಗೊತ್ತೈತಿ.”

ಕೇಳುವ ರೀತಿ ನನಗೆ ಗೊತ್ತಿತ್ತು! ಮರುದಿನ ಅತ್ತೆಯ ತಲೆ ಬಾಚುತ್ತ ಕೇಳಿದೆ. ಡಾಕ್ಟರಮ್ಮ ರಕ್ತದೊತ್ತಡ ಏರಬಾರದು ಅಂದಿದ್ದಳು, ಸಿಟ್ಟು ಮಾಡಿಸಬೇಡಿ ಅಂದಿದ್ದಳು. ಅದು ನಿಜ. ಜಮಾಲಬಿ ಬಂದು ಈ ಮಂಚದ ತುದಿಗೆ ಕೂತರೆ ಮತ್ತೆ ನಾನು ಒಲೆಯ ಮುಂದೆ ಹೋಗಬೇಕಲ್ಲ ಎಂಬುದೂ ನಿಜ. ಜೀವನದಲ್ಲಿ ಮೊದಲ ಸಲ ಅತ್ತೆ ನನ್ನವರಾಗಿದ್ದರು.

“ಅತ್ತಿ, ಆ ಜಮಾಲಬಿ ಬರತೀನಿ ಅಂತಾಳಂತ. ಅಷ್ಟು ಜಗಳಾ ಆಡಿ ಹೋದಾಕಿ. ಆಕಿನ್ನ ನೋಡಿದ್ರ ನಿಮಗ ಮತ್ತ ತ್ರಾಸ ಆಗತೈತಿ. ಸದ್ಯಕ್ಕ ಬ್ಯಾಡ ಅಂತ ಹೇಳಿ ಕಳಸ್ತೀನಿ. ಬ್ಯಾಡ ಹೌದಲ್ರಿ?”

“ಹೂಂ,” ಅಂದರು ಅತ್ತೆ. ಎಡಗೈಯಿಂದ ನನ್ನ ಸೆರಗು ಹಿಡಿದುಕೊಂಡರು. ಗಟ್ಟಿಯಾಗಿ ಹಿಡಿದಿದ್ದರು, ಬಿಡಿಸಿಕೊಳ್ಳಲು ನನಗೆ ಕಷ್ಟವೇ ಆಯಿತು. ಪಾಪ, ನನ್ನ ಮೇಲೆ ಎಷ್ಟು ಭರವಸೆ ಇವರಿಗೆ ಅಂದುಕೊಂಡೆ.

“ಬ್ಯಾಡ ಅಂದ್ರು,” ಎಂದು ಗಂಡನಿಗೆ ಹೇಳಿದೆ. ಅವನು ಅಕೀಬನಿಗೆ ಹೇಳಿದ.

ಅತ್ತೆ ಮಾತ್ರ ಕೌದಿ ಬಿಡಲಿಲ್ಲ. ದಿನವೂ ಹೊಟ್ಟೆಯ ಬಾಯಲ್ಲಿ ಬೆರಳಿಟ್ಟು “ಹೂಂ, ಹೂಂ”. ನನಗೆ ಥಟ್ಟನೆ ಹೊಳೆಯಿತು, ಅಥವಾ ಹೊಳೆಯಿತು ಅಂದುಕೊಂಡೆ. ಅರ್ಧಕ್ಕೆ ಬಿಟ್ಟ ಕೆಲಸ ಇವರ ಜೀವ ತಿನ್ನುತ್ತಿದೆ. ಮುಗಿಸಬೇಕು, ಕೈಯಿಲ್ಲ. ಅವರ ಮುಂದೆ ಕೂತು ಕೇಳಿದೆ, “ಅತ್ತಿ, ಇದನ್ನ ಮುಗಸಬೇಕು ಅಂತೀರಿ, ಹೌದಲ್ರಿ?”

“ಹೂಂ.”

“ನಾನ ಹೊಲಿತೀನ್ರಿ. ಹೊಲೀಲಿ ಹೌದಲ್ರಿ?”

“ಹೂಂ.”

ಅಯ್ಯೋ, ಆಗ ನನಗಾದ ಖುಷಿ! ಇಪ್ಪತ್ತು ವರ್ಷ ‘ಚ್ಚ್’ ಅನ್ನಿಸಿಕೊಂಡವಳು ನಾನು. ಅವತ್ತೇ ಬೇಳೆ ಬೇಯಿಸಿ, ಬೆಲ್ಲ ಕುಟ್ಟಿ ಹೋಳಿಗೆ ಮಾಡಿದೆ. ಚೂರೊಂದನ್ನು ಕೌದಿಯ ಹೊಟ್ಟೆಯಲ್ಲಿಟ್ಟು, ಅತ್ತೆಯ ಎದುರಿಗೇ ಚಾಪೆ ಹಾಸಿ ಕೂತು ಸೂಜಿಗೆ ದಾರ ಪೋಣಿಸಿದೆ. ಒಂದೊಂದು ಹೊಲಿಗೆಗೂ ಕತ್ತೆತ್ತಿ ಅವರ ಮುಖ ನೋಡುತ್ತಿದ್ದೆ. ಅವರು ನನ್ನನ್ನು ನೋಡುತ್ತಿರಲಿಲ್ಲ, ಬಾಗಿಲು ನೋಡುತ್ತಿದ್ದರು. ಸುತ್ತಿನ ಮೇಲೆ ಸುತ್ತು ಹಾಕಿ, ನಡುವೆ ಗಂಟು ಬಿಗಿದು, ಹಲ್ಲಿನಿಂದ ದಾರ ಕಡಿದೆ. ಕೌದಿಯನ್ನು ಅವರ ಕಾಲ ಮೇಲೆ ಹರವಿದೆ.

“ನನ್ನ ಹೊಲಿಗಿ ಚಲೋ ಐತಿ ಹೌದಲ್ರಿ ಅತ್ತಿ?”

“ಹೂಂ.”

ಅವರ ಕಣ್ಣಿಂದ ನೀರು ಇಳಿಯಿತು. ಸೆರಗಿನಿಂದ ಒರೆಸಿದೆ, ಮತ್ತೆ ಇಳಿಯಿತು.

“ಖುಷಿ ಆತು, ಹೌದಲ್ರಿ?”

“ಹೂಂ,” ಅಂದು ಎಡಗೈಯಿಂದ ಕೌದಿಯನ್ನು ತಳ್ಳಿದರು. ಅದು ಜಾರಿ ನೆಲಕ್ಕೆ ಬಿತ್ತು. ಶಕ್ತಿಯಿಲ್ಲದ ಕೈ, ಜಾರಿತು ಅಂದುಕೊಂಡು ಮಡಿಸಿ ಪೆಟ್ಟಿಗೆಯಲ್ಲಿಟ್ಟೆ. ಅವರ ಹೆಸರು ಶಬನಮ ಹೌದೇ ಎಂದು ಕೇಳಿ ‘ಹೂಂ’ ಅನ್ನಿಸಿದವಳು ನಾನೇ. ಆ ಹೂಂ ನನ್ನ ಹೊಲಿಗೆಯನ್ನು ಹೊಗಳಿದಾಗ ಮಾತ್ರ ನಿಜವಾಗಿಬಿಟ್ಟಿತು.

ಅದಾದ ಮೇಲೆ ಅತ್ತೆ ಅಟ್ಟದ ಕಡೆ ಕೈ ತೋರಿಸಲಿಲ್ಲ. ಬಾಗಿಲ ಕಡೆಗೂ ನೋಡುವುದನ್ನು ಬಿಟ್ಟರು. ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದರು. ಆಸೆ ತೀರಿತು, ಜೀವ ಸಮಾಧಾನವಾಯಿತು ಎಂದು ನಾನು ಅನ್ನಪೂರ್ಣೇಶ್ವರಿಗೆ ಫೋನು ಮಾಡಿ ಹೇಳಿದೆ. ಓಣಿಯಲ್ಲೂ ಹೇಳಿಕೊಂಡು ಬಂದೆ. ಮುಂಜಾನೆ ಚಹಾ ಮತ್ತು ಅಂಬಲಿ ಹಿಡಿದು ನಿಂತರೆ ಎರಡನ್ನೂ ಮುಟ್ಟುತ್ತಿರಲಿಲ್ಲ. ದಸರೆಗೆ ಮುಂಚೆ ಮತ್ತೊಮ್ಮೆ ಲಕ್ವಾ ಹೊಡೆದು ಹೋಗಿಬಿಟ್ಟರು.

ಮಣ್ಣಿನ ದಿನ ಜಮಾಲಬಿ ಬಂದಳು. ಕಪ್ಪು ಕನ್ನಡಕ ಹಾಕಿಕೊಂಡು, ಮಂದಿಯ ನಡುವೆ ದಾರಿ ಮಾಡಿಕೊಂಡು ಬಂದು, ಕೂರಿಸಿದ್ದ ಅತ್ತೆಯ ಬಲಗೈಯನ್ನು, ಆ ಬಿದ್ದುಹೋದ ಕೈಯನ್ನು, ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅಳಲಿಲ್ಲ.

ಬಂದ ಮಂದಿಯೆಲ್ಲ ಕರಗಿದ ಮೇಲೆ ಒಂದು ಮಧ್ಯಾಹ್ನ ಮತ್ತೆ ಬಂದಳು, ಒಬ್ಬಳೇ. ಕಟ್ಟೆಯ ಮೇಲೆ ತನ್ನ ಹಳೆಯ ಜಾಗದಲ್ಲಿ ಕೂತಳು. ನಾನು ಚಹಾ ತಂದಿಟ್ಟೆ.

“ಕಸ್ತೂರಿ, ಜಬೀನಳ ಕೂಸಿಗೆ ಅಂತ ಹಚ್ಚಿದ್ವಲ್ಲ, ಆ ಕೌದಿ ಐತೇನು? ಇಲ್ಲಾ ಬಿಚ್ಚಿ ಒಗದ್ಲೋ?”

“ಐತಿ ಚಿಗವ್ವ. ಮುಗಿದೈತಿ,” ಅಂದೆ. ಹೇಳುವಾಗ ನನ್ನ ದನಿಯಲ್ಲಿ ಇನ್ನೂ ಹೆಮ್ಮೆಯಿತ್ತು. ಓಡಿಹೋಗಿ ತಂದು ಅವಳ ತೊಡೆಯ ಮೇಲೆ ಇಟ್ಟೆ.

ಕಣ್ಣು ಈಗ ಚೆನ್ನಾಗಿ ಕಾಣುತ್ತಿದ್ದರೂ ಅವಳು ಕಣ್ಣು ಮುಚ್ಚಿಕೊಂಡಳು. ಅಂಚಿನಿಂದ ಬೆರಳಾಡಿಸುತ್ತ ಬಂದಳು. “ಇದು ಆಕೀದು. ಇದು ನನ್ನ ಸಾಲು, ಆಕಿ ಬಿಚ್ಚಿ ಮತ್ತ ಹಾಕಿದ್ದು. ಇಲ್ಲಿಂದ ಒಬ್ಬಾಕಿನ ಕುಂತು ಹೊಲದಾಳ.” ಬೆರಳು ನಡುವಿಗೆ ಬಂದು ನಿಂತಿತು. ಅಲ್ಲೇ ಸುತ್ತಿತು. ಮತ್ತೆ ಸುತ್ತಿತು.

“ಇದು ಯಾರ ಕೈ?”

“ನಂದು. ಅತ್ತಿ ಹೊಟ್ಟಿ ಬಿಟ್ಟು ಎತ್ತಿಟ್ಟಿದ್ರು. ಬೆರಳಿಟ್ಟು ಬೆರಳಿಟ್ಟು ತೋರಸ್ತಿದ್ರು. ಅದಕ್ಕ ನಾನ…”

“ಹೊಟ್ಟಿ ಬಿಟ್ಟಿದ್ಲಾ?” ಎಂದು ಜಮಾಲಬಿ ಕಣ್ಣು ತೆರೆದಳು. “ಬೆರಳಿಟ್ಟು ತೋರಿಸಿದ್ಲಾ?”

ನಾನು ತಲೆಯಾಡಿಸಿದೆ.

“ಹೊಟ್ಟಿ ಒಬ್ಬಾಕಿ ಮುಚ್ಚಂಗಿಲ್ಲ ತಂಗಿ. ಆ ಕಡಿಯಿಂದ ಆಕಿ ಬರ್ತಿದ್ಲು, ಈ ಕಡಿಯಿಂದ ನಾನು. ನಡಬರಕ ಇಬ್ರದೂ ಗಂಟು ಬಾಜೂಕ ಬಾಜೂಕ ಬೀಳಬೇಕು. ಸೂಡಿಗೆ ಬಂದ ಮ್ಯಾಲೆ ಹೊಲದ ಮೊದಲನೇ ಕೌದಿಯಿಂದ ಹಂಗ. ನೀ ಆವಾಗೆಲ್ಲ ಒಳಗ ಹೋಳಿಗಿ ಬೇಯಸ್ತಿದ್ದಿ, ನೋಡಿಲ್ಲ.”

ಒಳಗೆ ಹೋಗಿ ನನ್ನ ಹಾಸಿಗೆಯ ಕೌದಿ ಎಳೆದು ತಂದೆ. ಮದುವೆಯಾದ ವರ್ಷದಿಂದ ಹೊದ್ದುಕೊಂಡದ್ದು. ನಡುವೆ ಬೆರಳಿಟ್ಟು ನೋಡಿದೆ. ಎರಡು ಗಂಟು, ಒಂದಕ್ಕೊಂದು ತಾಗಿ ಕೂತಿದ್ದವು. ಇಷ್ಟು ವರ್ಷ ನನ್ನ ಎದೆಯ ಮೇಲೆಯೇ ಇದ್ದವು.

“ಬಿಟ್ಟಿಟ್ಟಿದ್ಲು ಅಂದ್ರ ಬಾ ಅಂದಂಗ,” ಅಂದಳು ಜಮಾಲಬಿ. “ಮತ್ತ ಅಕೀಬನ ಕೈಲೆ ಬ್ಯಾಡ ಅಂತ ಹೇಳಿ ಕಳಿಸಿದ್ಲಲ್ಲ? ಅದನ್ನ ಕೇಳಿ ನಾ ಅಲ್ಲೇ ಗಜೇಂದ್ರಗಡದಾಗ ಕುಂತು ಅತ್ತೀನಿ. ಖರೇ ಹೇಳು ಕಸ್ತೂರಿ. ಕಳಕಿ ನನ್ನ ಬ್ಯಾಡ ಅಂದಿರಾಕಿಲ್ಲ. ಹೌದಲ್ಲ?”

ಹೇಳಬೇಕಾದದ್ದು ಎಷ್ಟೊಂದಿತ್ತು. ಬಾಯಿಂದ ಬಂದದ್ದು “ಹೂಂ” ಒಂದೇ.

ಜಮಾಲಬಿ ನನ್ನ ಮುಖ ನೋಡಿದಳು. “ನಾ ಹಂಗ ಕೇಳಿದೆ, ನೀ ಹೂಂ ಅಂದಿ. ಮುದುಕಿ ಸಮಾಧಾನ ಆಗಲಿ ಅಂತ. ಇರಲಿ ಬಿಡು.”

“ಅಲ್ಲ ಚಿಗವ್ವ, ಖರೇನ ಅವರು ಬ್ಯಾಡ ಅಂದಿಲ್ಲ!” ಎಂದು ಅವಳ ಕಾಲ ಬಳಿ ಕುಸಿದೆ. ನಾನು ಕೇಳಿದ್ದನ್ನು ಕೇಳಿದ ಹಾಗೇ ಹೇಳಿದೆ. ಅಷ್ಟು ಜಗಳಾ ಆಡಿ ಹೋದಾಕಿ ಅಂದದ್ದು, ಬ್ಯಾಡ ಹೌದಲ್ರಿ ಅಂದದ್ದು, ಅವರು ಸೆರಗು ಹಿಡಿದದ್ದು, ನಾನು ಬಿಡಿಸಿಕೊಂಡದ್ದು. ಚಹಾಕ್ಕೂ ಅಂಬಲಿಗೂ ಎರಡು ಲೋಟ ಹಿಡಿದು ನಿಂತವಳು ಇದಕ್ಕೆ ಹಾಗೆ ಮಾಡಲಿಲ್ಲ. ಬರಲಿ ಅನ್ನಲು ಒಂದು ಕಡೆ ಇವಳು ಕೂಡಿ ಹೊಲಿದ ಕೌದಿ, ಬೇಡ ಅನ್ನಲು ಇನ್ನೊಂದು ಕಡೆ ಮುಚ್ಚಿದ ಬಾಗಿಲು ತೋರಿಸಿದ್ದರೂ ಸಾಕಿತ್ತು. ಅವರು ಕೈ ಚಾಚುತ್ತಿದ್ದರು. ದಿನಾ ಚಾಚಿಯೇ ಇದ್ದರು, ನಾನು ನೋಡಿಯೂ ಇದ್ದೆ.

ಜಮಾಲಬಿ ಕನ್ನಡಕ ತೆಗೆದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಬೈದಿದ್ದರೆ ಚೆನ್ನಾಗಿತ್ತು. ನಾನು ಎದ್ದು ಕತ್ತರಿ ತಂದೆ.

“ಚಿಗವ್ವ, ನಾ ಹೊಲದದ್ದು ಬಿಚ್ಚಿಬಿಡ್ತೀನಿ. ನೀವು ಹೊಲೀರಿ.”

ಅವಳು ಕೌದಿಯ ಮೇಲೆ ಅಂಗೈ ಇಟ್ಟು ತಡೆದಳು. “ಬ್ಯಾಡ. ಒಬ್ರು ಹೊಲದದ್ದು ಇನ್ನೊಬ್ರು ಬಿಚ್ಚಬಾರದು. ಇಷ್ಟೆಲ್ಲಾ ಆಗಿದ್ದು ಅದರಿಂದನ. ಬಿಚ್ಚಿದ್ರೂ, ಆ ಕಡಿಯಿಂದ ಹೊಲ್ಯಾಕ ಯಾರದಾರ?”

ಕೌದಿಯನ್ನು ಸಣ್ಣಗೆ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ಎದ್ದಳು. ಚಹಾ ಹಾಗೇ ಇತ್ತು, ಕೆನೆಗಟ್ಟಿತ್ತು. ಒಂದೊಂದೇ ಹೆಜ್ಜೆ ಊರಿ ಕಟ್ಟೆ ಇಳಿದಳು. ಅವಳು ಹಾಗೇ ಹೋಗಿಬಿಟ್ಟರೆ ನಾನು ಸತ್ತೇ ಹೋಗುತ್ತೇನೆ ಅನ್ನಿಸಿತು. ಹಿಂದೆಯೇ ಓಡಿದೆ.

“ಚಿಗವ್ವ, ನನ್ನ ಮ್ಯಾಲ ನಿಮಗ ಸಿಟ್ಟಿಲ್ಲ, ಹೌದಲ್ರಿ?”

ಮಾತು ಬಾಯಿಂದ ಹೊರಬಿದ್ದ ಮೇಲೆ ನನಗೆ ಗೊತ್ತಾಯಿತು, ಹೇಗೆ ಕೇಳಿದೆ ಅಂತ. ವಾಪಸ್ಸು ತೆಗೆದುಕೊಳ್ಳಲು ಬರುವಂತಿರಲಿಲ್ಲ.

ಜಮಾಲಬಿ ನಿಂತಳು. ತಿರುಗಿ ನೋಡಲಿಲ್ಲ.

“ಹೂಂ,” ಅಂದಳು. ಗಜೇಂದ್ರಗಡದ ಬಸ್ಸಿಗೆ ಹೊತ್ತಾಗಿತ್ತು, ಕೌದಿಯನ್ನು ಸರಿಮಾಡಿಕೊಂಡು ಓಣಿ ದಾಟಿ ಹೋದಳು.